ಓಕ್ಲೊ ಗಣಿಯಲ್ಲಿ ಕಾಣೆಯಾದ ಯುರೇನಿಯಂ-235: ಒಂದು ಪ್ರಕರಣ ಅಧ್ಯಯನ

ಫ್ರಾನ್ಸ್‌ನ ಪಿಯೆರ್‌ಲಾಟ್‌ನಲ್ಲಿ ಯುರೇನಿಯಂ ಸಂವರ್ಧನೆ, ಅಂದರೆ ಅದರಲ್ಲಿ ಯುರೇನಿಯಂ-235ರ ಪಾಲು ಹೆಚ್ಚಿಸುವ ಕೆಲಸ, ಮಾಡುವ ಒಂದು ಸ್ಥಾವರ ಇತ್ತು. 1972ರ ಮಧ್ಯದಲ್ಲಿ ಅಲ್ಲಿನ ಪ್ರಯೋಗಾಲಯದಲ್ಲಿ ಎಂದಿನ ತಪಾಸಣೆ ನಡೆದಿತ್ತು. ಬಂದ ಯುರೇನಿಯಂನಲ್ಲಿ ಯುರೇನಿಯಂ-235ರ ಪಾಲು ಎಷ್ಟು ಅಂತ ಅಳೆಯುವುದು, ಬರೆದಿಡುವುದು, ಇಷ್ಟೇ ಕೆಲಸ. ಬರಬೇಕಿದ್ದ ಅಂಕಿ ಶೇ. 0.7202. ಬಂದದ್ದು ಶೇ. 0.7171.

ಸಾವಿರಕ್ಕೆ ನಾಲ್ಕರಷ್ಟು ಕೊರತೆ. ಬೇರೆ ಕೆಲಸದಲ್ಲಾಗಿದ್ದರೆ ಅಳತೆಯ ಏರುಪೇರು ಅಂತ ಬಿಟ್ಟುಬಿಡಬಹುದಿತ್ತು. ಇಲ್ಲಿ ಬಿಡುವ ಹಾಗಿರಲಿಲ್ಲ. ಯುರೇನಿಯಂ-235 ಬಾಂಬಿಗೂ ಬಳಕೆಯಾಗುವ ವಸ್ತು, ಅದರ ಲೆಕ್ಕ ಬಲು ಬಿಗಿ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. 0.72 ಅನ್ನುವ ಈ ಪಾಲು ಅಲ್ಲಿಯವರೆಗೆ ಯಾವ ಗಣಿಯಲ್ಲೂ ಕೈಕೊಟ್ಟಿರಲಿಲ್ಲ. ಭೂಮಿಯ ಯಾವ ಮೂಲೆಯ ಅದಿರು ತಂದರೂ ಅದೇ. ಚಂದ್ರನಿಂದ ತಂದ ಕಲ್ಲಿನಲ್ಲೂ ಅದೇ, ಉಲ್ಕಾಶಿಲೆಯಲ್ಲೂ ಅದೇ.

ಅಷ್ಟು ಗಟ್ಟಿಯಾಗಿ ಒಂದು ಅಂಕಿ ಯಾಕೆ ನಿಂತಿರುತ್ತದೆ? ಇದು ಅರ್ಥವಾದರೆ ನ್ಯೂಕ್ಲಿಯಸ್ ಎಂಥ ವಸ್ತು ಅನ್ನುವುದು ಅರ್ಧ ಅರ್ಥವಾದ ಹಾಗೆ.

ಪರಮಾಣುವಿನ ಹೊರಭಾಗದಲ್ಲಿ ಎಲೆಕ್ಟ್ರಾನ್‌ಗಳು, ನಟ್ಟನಡುವೆ ನ್ಯೂಕ್ಲಿಯಸ್. ಅದರೊಳಗೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು. ಯುರೇನಿಯಂ ಪರಮಾಣುವಿನ ಅಗಲವನ್ನು ಇಪ್ಪತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಮಾತ್ರ ನ್ಯೂಕ್ಲಿಯಸ್ ಇರುತ್ತದೆ. ಆದರೆ ಪರಮಾಣುವಿನ ತೂಕದಲ್ಲಿ ಶೇ. 99.9ಕ್ಕಿಂತ ಜಾಸ್ತಿ ಅಲ್ಲೇ ಇದೆ. ಪ್ರೋಟಾನ್ 92 ಇದ್ದರೆ ಅದು ಯುರೇನಿಯಂ. ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆ ಬೇರೆ ಇರಬಹುದು. 143 ಇದ್ದರೆ ಯುರೇನಿಯಂ-235, 146 ಇದ್ದರೆ ಯುರೇನಿಯಂ-238. ಹೀಗೆ ಒಂದೇ ಧಾತುವಿನ ಬೇರೆ ಬೇರೆ ರೂಪಗಳನ್ನು ಐಸೋಟೋಪ್ ಅನ್ನುತ್ತೇವೆ.

ಕರಗುವುದು, ಉರಿಯುವುದು, ತುಕ್ಕು ಹಿಡಿಯುವುದು, ಉಪ್ಪಾಗುವುದು, ಇವೆಲ್ಲ ಎಲೆಕ್ಟ್ರಾನ್‌ಗಳ ವ್ಯವಹಾರ. ಅಲ್ಲಿ ಕೈ ಬದಲಾಗುವ ಶಕ್ತಿ ಕೆಲವೇ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿ ಅಳೆಯುವ ಸಣ್ಣ ಮಾನ). ನ್ಯೂಕ್ಲಿಯಸ್ ಒಳಗಿನ ವ್ಯವಹಾರ ಲಕ್ಷ, ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ನಡೆಯುತ್ತದೆ. ಹಾಗಾಗಿ ಬೆಂಕಿಗೆ ಹಾಕಿದರೂ, ಆಮ್ಲದಲ್ಲಿ ಕರಗಿಸಿದರೂ, ಬೆಟ್ಟದ ಅಡಿ ಹೂತರೂ ನ್ಯೂಕ್ಲಿಯಸ್‌ಗೆ ಅದು ಗೊತ್ತೇ ಆಗುವುದಿಲ್ಲ. 235 ಮತ್ತು 238 ಎರಡಕ್ಕೂ ಪ್ರೋಟಾನ್ ಸಂಖ್ಯೆ ಒಂದೇ, ಎಲೆಕ್ಟ್ರಾನ್ ಸಂಖ್ಯೆಯೂ ಒಂದೇ. ರಾಸಾಯನಿಕವಾಗಿ ಎರಡೂ ಒಂದೇ ತರಹ ನಡೆದುಕೊಳ್ಳುತ್ತವೆ. ನೀರು ಒಂದನ್ನು ಕೊಚ್ಚಿಕೊಂಡು ಹೋದರೆ ಇನ್ನೊಂದೂ ಅದೇ ಅಳತೆಯಲ್ಲಿ ಹೋಗುತ್ತದೆ. ಸೌರವ್ಯೂಹ ಹುಟ್ಟುವಾಗ ಎರಡೂ ಚೆನ್ನಾಗಿ ಬೆರೆತಿದ್ದವು. ಆಮೇಲೆ ಅವನ್ನು ಬೇರೆ ಮಾಡುವಂಥದ್ದು ಬಂಡೆಗಳ ಲೋಕದಲ್ಲಿ ಏನೂ ಇಲ್ಲ.

ಅಂದಮೇಲೆ ಯುರೇನಿಯಂ-235 ಕಡಿಮೆಯಾಗಿದ್ದರೆ ಎರಡೇ ದಾರಿ. ಯಾರೋ ಬೇರ್ಪಡಿಸಿರಬೇಕು. ಇಲ್ಲವೇ ಆ ನ್ಯೂಕ್ಲಿಯಸ್‌ಗಳೇ ನಾಶವಾಗಿರಬೇಕು.

ಮೊದಲ ಅನುಮಾನ ಬೆರಕೆಯ ಮೇಲೆ

ಸಂವರ್ಧನೆ ಮಾಡಿದ ಮೇಲೆ ಯುರೇನಿಯಂ-235 ಕಡಿಮೆ ಇರುವ ಉಳಿಕೆ ಬರುತ್ತದೆ. ಅದು ಎಲ್ಲೋ ಹೊಸ ಸರಕಿಗೆ ಸೇರಿಕೊಂಡಿರಬಹುದು ಅಂತ ಮೊದಲು ನೋಡಿದರು. ಅಥವಾ ರಿಯಾಕ್ಟರ್‌ನಲ್ಲಿ ಬಳಸಿ ತೆಗೆದ ಯುರೇನಿಯಂ ಬೆರೆತಿರಬಹುದು. ಈ ಎರಡನೇ ಅನುಮಾನಕ್ಕೆ ಒಂದು ಸುಂದರವಾದ ಪರೀಕ್ಷೆ ಇದೆ. ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ನುಂಗಿದ ಎಲ್ಲ ಯುರೇನಿಯಂ-235 ಒಡೆಯುವುದಿಲ್ಲ. ಕೆಲವು ಯುರೇನಿಯಂ-236 ಆಗಿ ಉಳಿಯುತ್ತವೆ. ಬಳಸಿದ ಇಂಧನವಾಗಿದ್ದರೆ ಅದು ಕಾಣಲೇಬೇಕು. ಮಾದರಿಯಲ್ಲಿ ಅದು ಇರಲಿಲ್ಲ.

ಈ ಗೈರುಹಾಜರಿಯನ್ನು ನೆನಪಿಟ್ಟುಕೊಳ್ಳಿ. ಯುರೇನಿಯಂ-236ರ ಅರ್ಧಾಯುಷ್ಯ ಸುಮಾರು 2.34 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಅರ್ಧ ಕ್ಷಯಿಸುತ್ತದೆ, ಅಂದರೆ ತಾನಾಗಿ ಬೇರೆ ಧಾತುವಾಗಿಬಿಡುತ್ತದೆ, ಇನ್ನಷ್ಟೇ ಕಾಲದಲ್ಲಿ ಉಳಿದದ್ದರ ಅರ್ಧ. ಇತ್ತೀಚಿನ ಬೆರಕೆ ಅಲ್ಲ ಅಂತ ಅದು ಹೇಳಿತು. ನೂರಾರು ಕೋಟಿ ವರ್ಷಗಳ ಹಿಂದೆ ಏನಾದರೂ ನಡೆದಿದ್ದರೆ ಅದಕ್ಕೆ ಅಡ್ಡಿ ಹೇಳಲಿಲ್ಲ.

ಆಮೇಲೆ ಸರಕು ಬಂದ ದಾರಿಯಲ್ಲಿ ಒಂದೊಂದೇ ಹಂತ ಹಿಂದಕ್ಕೆ ಹೋದರು. ಸ್ಥಾವರದಿಂದ ಸಂಸ್ಕರಣೆಗೆ, ಅಲ್ಲಿಂದ ಅದಿರಿನ ಪುಡಿಗೆ, ಅಲ್ಲಿಂದ ಗಣಿಗೆ. ಪ್ರತಿ ಹಂತದಲ್ಲೂ ಕೊರತೆ ಇತ್ತು. ಕೊನೆಗೆ ನಿಂತದ್ದು ಮಧ್ಯ ಆಫ್ರಿಕಾದ ಗ್ಯಾಬೊನ್ ದೇಶದಲ್ಲಿ, ಫ್ರಾನ್ಸ್‌ವಿಲ್ ಊರಿನ ಹತ್ತಿರದ ಓಕ್ಲೊ ಗಣಿಯಲ್ಲಿ. ಅಲ್ಲಿನ ಕೆಲವು ಅದಿರು ಮಾದರಿಗಳಲ್ಲಿ ಯುರೇನಿಯಂ-235ರ ಪಾಲು ಶೇ. 0.440ಕ್ಕೆ ಇಳಿದಿತ್ತು. ಸಾಗಿಸಿದ ಸರಕಿನಲ್ಲೇ ಒಟ್ಟು ಸುಮಾರು 200 ಕಿಲೋ ಯುರೇನಿಯಂ-235 ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕೊರತೆ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ, ನೆಲದಲ್ಲೇ ಇತ್ತು.

ಒಂದು ಗಮನಿಸಿ: ಕಡಿಮೆ ಇರುವ ಕಡೆ ಸಿಕ್ಕಿತು, ಜಾಸ್ತಿ ಇರುವ ಕಡೆ ಎಲ್ಲೂ ಸಿಗಲಿಲ್ಲ. ಪ್ರಕೃತಿಯೇ ಹೇಗೋ ಬೇರ್ಪಡಿಸಿದ್ದರೆ ಇಲ್ಲಿ ಕಡಿಮೆಯಾದದ್ದು ಅಲ್ಲಿ ಜಾಸ್ತಿಯಾಗಬೇಕಿತ್ತು. ಹಾಗಾಗಿ ಉಳಿದದ್ದು ಒಂದೇ ದಾರಿ. ಆ ನ್ಯೂಕ್ಲಿಯಸ್‌ಗಳು ಒಡೆದುಹೋಗಿದ್ದವು.

ನಿಯೋಡೈಮಿಯಂ ಹೇಳಿದ ಸಾಕ್ಷಿ

ಒಡೆದಿದ್ದರೆ ಚೂರು ಬಿದ್ದಿರಬೇಕು. ಯುರೇನಿಯಂ-235 ಒಡೆದಾಗ ಎರಡು ಮಧ್ಯಮ ಗಾತ್ರದ ನ್ಯೂಕ್ಲಿಯಸ್‌ಗಳು ಸಿಗುತ್ತವೆ, ಜೊತೆಗೆ ಎರಡು ಮೂರು ನ್ಯೂಟ್ರಾನ್, ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಪ್ರತಿ ಸಲವೂ ಚೂರುಗಳು ಒಂದೇ ಆಗಿರುವುದಿಲ್ಲ. ಆದರೆ ಕೋಟ್ಯಂತರ ನ್ಯೂಕ್ಲಿಯಸ್ ಒಡೆದರೆ ಯಾವ ಚೂರು ಎಷ್ಟು ಪಾಲು ಅನ್ನುವುದು ನಿಗದಿಯಾಗಿರುತ್ತದೆ. ಹಾಗಾಗಿ ಗಣಿಯ ಕಲ್ಲಿನಲ್ಲಿ ಆ ಪಾಲು ಕಾಣಬೇಕು.

ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗಟ್ಟಿ ಅನಿಸುವ ಸಾಕ್ಷಿ ನಿಯೋಡೈಮಿಯಂ ಅನ್ನುವ ಧಾತುವಿನದ್ದು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸಾಮಾನ್ಯ ಬಂಡೆಯಲ್ಲಿರುವ ನಿಯೋಡೈಮಿಯಂನಲ್ಲಿ ಶೇ. 27ರಷ್ಟು ನಿಯೋಡೈಮಿಯಂ-142 ಇರುತ್ತದೆ. ಇದರಲ್ಲಿ 60 ಪ್ರೋಟಾನ್, 82 ನ್ಯೂಟ್ರಾನ್. ಯುರೇನಿಯಂ ಒಡೆದರೆ ಇದು ಹುಟ್ಟಬಹುದೇ? ಹುಟ್ಟುವುದಿಲ್ಲ. ಕಾರಣ ಹೀಗಿದೆ. ಭಾರವಾದ ನ್ಯೂಕ್ಲಿಯಸ್‌ಗೆ ಪ್ರೋಟಾನ್‌ಗಳ ಜಗಳ ತಣಿಸಲು ನ್ಯೂಟ್ರಾನ್ ಜಾಸ್ತಿ ಬೇಕು. ಪ್ರೋಟಾನ್‌ಗಳೆಲ್ಲ ಧನ ವಿದ್ಯುದಂಶದವು, ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರ ಬಂದಾಗ ಮಾತ್ರ ಕೆಲಸ ಮಾಡುವ ಪ್ರಬಲ ನ್ಯೂಕ್ಲಿಯರ್ ಬಲ ಅವನ್ನು ಹಿಡಿದಿಡುತ್ತದೆ. ನ್ಯೂಟ್ರಾನ್ ಈ ಹಿಡಿತಕ್ಕೆ ಬಲ ಕೊಡುತ್ತದೆ, ತಳ್ಳಾಟಕ್ಕೆ ಸೇರುವುದಿಲ್ಲ. ಹಾಗಾಗಿ ಯುರೇನಿಯಂನಲ್ಲಿ ನ್ಯೂಟ್ರಾನ್ ಪ್ರಮಾಣ ಹೆಚ್ಚು. ಅದು ಒಡೆದಾಗ ಚಿಕ್ಕ ಚೂರುಗಳಿಗೂ ಅದೇ ಪ್ರಮಾಣ ಬಂದುಬಿಡುತ್ತದೆ. ಚಿಕ್ಕ ನ್ಯೂಕ್ಲಿಯಸ್‌ಗೆ ಅಷ್ಟು ನ್ಯೂಟ್ರಾನ್ ಬೇಡ. ಆದ್ದರಿಂದ ಒಂದೊಂದೇ ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತಾ ಹೋಗುತ್ತದೆ, ಪ್ರತಿ ಸಲ ಒಂದು ಎಲೆಕ್ಟ್ರಾನ್ ಹೊರಗೆ ಬರುತ್ತದೆ. ಇದೇ ಬೀಟಾ ಕ್ಷಯ. ಒಟ್ಟು ಸಂಖ್ಯೆ 142 ಬದಲಾಗುವುದಿಲ್ಲ, ಧಾತು ಮಾತ್ರ ಒಂದೊಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಆ ಪಯಣ 58 ಪ್ರೋಟಾನ್ ಇರುವ ಸೀರಿಯಂ-142ಕ್ಕೆ ಬಂದು ನಿಂತುಬಿಡುತ್ತದೆ. ಅದು ಸ್ಥಿರವಾಗಿದೆ, ಮುಂದಕ್ಕೆ ಹೋಗುವ ಕಾರಣವೇ ಇಲ್ಲ. 60ರ ತನಕ ತಲುಪುವುದೇ ಇಲ್ಲ.

ಪಕ್ಕದ 143ರ ಸಾಲಿನಲ್ಲಿ ಇಂಥ ತಡೆ ಇಲ್ಲ. ಅದು ಸೀದಾ ನಿಯೋಡೈಮಿಯಂ-143ರವರೆಗೆ ಬರುತ್ತದೆ. ಹಾಗಾಗಿ ವಿದಳನದಿಂದ, ಅಂದರೆ ನ್ಯೂಕ್ಲಿಯಸ್ ಒಡೆಯುವುದರಿಂದ, ಹುಟ್ಟಿದ ನಿಯೋಡೈಮಿಯಂನಲ್ಲಿ 142 ಇರಬಾರದು, 143 ಜಾಸ್ತಿ ಇರಬೇಕು.

ಓಕ್ಲೊ ಕಲ್ಲಿನಲ್ಲಿ ನಿಯೋಡೈಮಿಯಂ-142 ಶೇ. 6ಕ್ಕೂ ಕಡಿಮೆ ಇತ್ತು. 143 ಏರಿತ್ತು. ಬಂಡೆಯಲ್ಲಿ ಮೊದಲೇ ಇದ್ದ ಸಾಮಾನ್ಯ ನಿಯೋಡೈಮಿಯಂ ಪಾಲನ್ನು ಕಳೆದು, ನ್ಯೂಟ್ರಾನ್ ನುಂಗಿದ್ದರಿಂದ ಆದ ಬದಲಾವಣೆಯನ್ನೂ ಲೆಕ್ಕಕ್ಕೆ ಹಿಡಿದರೆ, ಉಳಿದದ್ದು ಯುರೇನಿಯಂ-235 ಒಡೆದಾಗ ಸಿಗುವ ಪಟ್ಟಿಗೆ ಸರಿಹೊಂದಿತು. ರುಥೇನಿಯಂ ಕೂಡ ಅದನ್ನೇ ಹೇಳಿತು. ಸಾಮಾನ್ಯವಾಗಿ ಶೇ. 12.7 ಇರಬೇಕಾದ ರುಥೇನಿಯಂ-99 ಇಲ್ಲಿ ಅದರ ಎರಡು ಪಟ್ಟನ್ನೂ ದಾಟಿತ್ತು. ವಿದಳನದಲ್ಲಿ ಹುಟ್ಟಿದ ಟೆಕ್ನೀಶಿಯಂ-99 ಕ್ಷಯಿಸಿ ಬಿಟ್ಟುಹೋದದ್ದು ಅದು.

1972ರ ಸೆಪ್ಟೆಂಬರ್ 25ರಂದು ಫ್ರಾನ್ಸ್‌ನ ಪರಮಾಣು ಶಕ್ತಿ ಆಯೋಗದವರು ವಿಷಯ ಪ್ರಕಟಿಸಿದರು. ಸುಮಾರು 200 ಕೋಟಿ ವರ್ಷಗಳ ಹಿಂದೆ ಓಕ್ಲೊದಲ್ಲಿ ನ್ಯೂಕ್ಲಿಯರ್ ಸರಪಳಿ ಕ್ರಿಯೆ, ಅಂದರೆ ಒಂದು ನ್ಯೂಕ್ಲಿಯಸ್ ಒಡೆದು ಬಂದ ನ್ಯೂಟ್ರಾನ್ ಇನ್ನೊಂದನ್ನು ಒಡೆಯುತ್ತಾ ಹೋಗುವುದು, ತಾನಾಗಿ ನಡೆದಿತ್ತು. ಮುಂದೆ ಆ ಪ್ರದೇಶದಲ್ಲಿ ಇಂಥ ಹದಿನೈದಕ್ಕೂ ಹೆಚ್ಚು ಜಾಗಗಳು ಸಿಕ್ಕವು. ಅವುಗಳಲ್ಲಿ ಒಂದು ಸುಮಾರು 30 ಕಿಲೋಮೀಟರ್ ದೂರದ ಬಾಂಗೊಂಬೆಯಲ್ಲಿದೆ.

ಅಂದು ಸಾಧ್ಯವಾದದ್ದು ಇಂದು ಯಾಕಿಲ್ಲ

ಇದು ನಡೆಯಬಹುದು ಅಂತ ಮೊದಲೇ ಲೆಕ್ಕ ಹಾಕಿದವರಿದ್ದರು. ಜಪಾನ್ ಮೂಲದ ರಸಾಯನ ವಿಜ್ಞಾನಿ ಪಾಲ್ ಕುರೋಡಾ 1956ರಲ್ಲೇ, ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿದ್ದಾಗ, ನೆಲದೊಳಗೆ ರಿಯಾಕ್ಟರ್ ತಾನಾಗಿ ಹತ್ತಿಕೊಳ್ಳಲು ಏನೇನು ಬೇಕು ಅಂತ ಬರೆದಿದ್ದರು. ಯುರೇನಿಯಂ ಪದರ ಸಾಕಷ್ಟು ದಪ್ಪ ಇರಬೇಕು. ಅದರಲ್ಲಿ ಯುರೇನಿಯಂ-235 ಸಾಕಷ್ಟಿರಬೇಕು. ನೀರು ಇರಬೇಕು. ಬೋರಾನ್‌ನಂಥ, ನ್ಯೂಟ್ರಾನ್‌ಗಳನ್ನು ಗಬಕ್ಕನೆ ನುಂಗುವ ಧಾತುಗಳು ಇರಬಾರದು. ಓಕ್ಲೊ ಸಿಗುವ ಹದಿನಾರು ವರ್ಷ ಮೊದಲು!

ಇಂದಿನ ಶೇ. 0.72 ಇದಕ್ಕೆ ಸಾಲದು. ಆದರೆ ಈ ಅಂಕಿ ಎಲ್ಲ ಕಡೆ ಒಂದೇ ಇದ್ದರೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಯುರೇನಿಯಂ-235ರ ಅರ್ಧಾಯುಷ್ಯ 70.4 ಕೋಟಿ ವರ್ಷ, 238ರದ್ದು 447 ಕೋಟಿ ವರ್ಷ. ಒಂದು ಬೇಗ ಕರಗುತ್ತದೆ, ಇನ್ನೊಂದು ನಿಧಾನ. ಹಿಂದಕ್ಕೆ ಲೆಕ್ಕ ಹಾಕಿ ನೋಡಿ. 200 ಕೋಟಿ ವರ್ಷಗಳ ಹಿಂದೆ 235 ಇಂದಿನ ಏಳು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇತ್ತು, 238 ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು. ಪಾಲು ತೆಗೆದರೆ 235 ಶೇ. 3.5 ದಾಟುತ್ತದೆ. ಸಾಮಾನ್ಯ ನೀರು ಬಳಸುವ ಇಂದಿನ ವಿದ್ಯುತ್ ರಿಯಾಕ್ಟರ್‌ಗಳಿಗೆ ಶೇ. 3ರಿಂದ 5ರವರೆಗೆ ಸಂವರ್ಧಿಸಿದ ಯುರೇನಿಯಂ ಹಾಕುತ್ತಾರೆ. ಪಿಯೆರ್‌ಲಾಟ್‌ನಂಥ ಕಡೆ ಯಂತ್ರ ಇಟ್ಟು ಕಷ್ಟಪಟ್ಟು ಮಾಡುವ ಸಂವರ್ಧನೆ ಅಂದಿನ ಅದಿರಿನಲ್ಲಿ ಹುಟ್ಟಿನಿಂದಲೇ ಇತ್ತು.

ಹಾಗಾದರೆ 300 ಕೋಟಿ ವರ್ಷಗಳ ಹಿಂದೆ ಇನ್ನೂ ಸುಲಭ ಇರಬೇಕಲ್ವಾ? ಯುರೇನಿಯಂ-235 ಆಗ ಇನ್ನೂ ಜಾಸ್ತಿ ಇತ್ತು, ನಿಜ. ಆದರೆ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ. ಆಮ್ಲಜನಕ ಇದ್ದರೆ ಮಾತ್ರ ಯುರೇನಿಯಂ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹರಿದು ಬರುತ್ತದೆ. ಜೀವಿಗಳ ಉಳಿಕೆಯಂಥ ಇಂಗಾಲದ ವಸ್ತು ಇರುವ, ಆಮ್ಲಜನಕ ಇಲ್ಲದ ಜಾಗಕ್ಕೆ ಬಂದಾಗ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಹೀಗೆ ಕರಗಿ, ಹರಿದು, ಒಂದೆಡೆ ಸೇರಿದ್ದರಿಂದಲೇ ಓಕ್ಲೊದಲ್ಲಿ ಅದಿರು ಅಷ್ಟು ದಟ್ಟವಾಯಿತು. ವಾತಾವರಣಕ್ಕೆ ಆಮ್ಲಜನಕ ಬಂದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮೊದಲು ಅದಿರು ಹೀಗೆ ಸೇರುತ್ತಿರಲಿಲ್ಲ, ಬಹಳ ತಡವಾದರೆ ಯುರೇನಿಯಂ-235 ಸಾಲುತ್ತಿರಲಿಲ್ಲ. ನಡುವಿನ ಆ ಕಾಲದಲ್ಲಿ ಎರಡೂ ಕೂಡಿಬಂದವು.

ಇನ್ನು ನೀರಿನ ವಿಷಯ. ಯುರೇನಿಯಂ-235ರಲ್ಲಿ ನ್ಯೂಟ್ರಾನ್ ಸಂಖ್ಯೆ 143, ಬೆಸ. ಹೊಸದೊಂದು ನ್ಯೂಟ್ರಾನ್ ಬಂದರೆ ಜೋಡಿ ಪೂರ್ತಿಯಾಗುತ್ತದೆ. ಜೋಡಿಯಾದಾಗ ಸುಮಾರು 65 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಒಳಗೇ ಬಿಡುಗಡೆಯಾಗುತ್ತದೆ. ಒಡೆಯಲು ಬೇಕಾದದ್ದು 60 ಲಕ್ಷದ ಆಸುಪಾಸು. ಆದ್ದರಿಂದ ನ್ಯೂಟ್ರಾನ್ ತೆವಳುತ್ತಾ ಬಂದರೂ ಸಾಕು, ನ್ಯೂಕ್ಲಿಯಸ್ ಒಡೆಯುತ್ತದೆ. 238ರಲ್ಲಿ ಮೊದಲೇ ಎಲ್ಲ ಜೋಡಿಯಾಗಿವೆ. ಹೊಸಬನಿಂದ ಸಿಗುವುದು 48 ಲಕ್ಷ ಮಾತ್ರ, ಸಾಲುವುದಿಲ್ಲ. ಅದು ಸುಮ್ನೆ ನುಂಗಿಕೊಳ್ಳುತ್ತದೆ. ಒಂದು ನ್ಯೂಟ್ರಾನ್ ಜೋಡಿಯಾಗಿದೆಯೋ ಇಲ್ಲವೋ ಅನ್ನುವುದರ ಮೇಲೆ ರಿಯಾಕ್ಟರ್ ಉರಿಯುವುದು ನಿಂತಿದೆ ಅಂದರೆ ನನಗೆ ಈಗಲೂ ಅಚ್ಚರಿ.

ವಿದಳನದಿಂದ ಹೊರಟ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಲ್ಲಿರುತ್ತದೆ. ಈ ವೇಗದಲ್ಲಿ ಅದು ಇನ್ನೊಂದು 235ನ್ನು ಒಡೆಯುವ ಸಾಧ್ಯತೆ ತೀರಾ ಕಡಿಮೆ. ಸೆಕೆಂಡಿಗೆ 2 ಕಿಲೋಮೀಟರ್ ಆಸುಪಾಸಿಗೆ ಇಳಿದರೆ ಆ ಸಾಧ್ಯತೆ ನೂರಾರು ಪಟ್ಟು ಏರುತ್ತದೆ. ಇಳಿಸುವುದು ಹೇಗೆ? ತನ್ನಷ್ಟೇ ತೂಕದ ಯಾವುದಕ್ಕಾದರೂ ಡಿಕ್ಕಿ ಹೊಡೆಸಬೇಕು. ಕೇರಂ ಕಾಯಿ ಇನ್ನೊಂದು ಕಾಯಿಗೆ ನೇರ ಬಡಿದು ತಾನು ನಿಂತುಬಿಡುತ್ತದಲ್ಲ, ಹಾಗೆ. ನೀರಿನಲ್ಲಿರುವ ಜಲಜನಕದ ನ್ಯೂಕ್ಲಿಯಸ್ ಅಂದರೆ ಒಂದೇ ಪ್ರೋಟಾನ್, ತೂಕ ಹೆಚ್ಚುಕಡಿಮೆ ನ್ಯೂಟ್ರಾನ್‌ನಷ್ಟೇ. ಸರಾಸರಿ ಹದಿನೆಂಟು ಡಿಕ್ಕಿಯಲ್ಲಿ ನ್ಯೂಟ್ರಾನ್ ಸಾಕಷ್ಟು ನಿಧಾನವಾಗುತ್ತದೆ. ಓಕ್ಲೊ ಅದಿರಿನ ಸಂದುಗಳಲ್ಲಿ ಅಂತರ್ಜಲ ತುಂಬಿತ್ತು. ಮಂದಕ, ಅಂದರೆ ನ್ಯೂಟ್ರಾನ್ ವೇಗ ಇಳಿಸುವ ವಸ್ತು, ತಾನಾಗಿಯೇ ಸಿಕ್ಕಿತು.

ಸ್ಫೋಟ ಯಾಕೆ ಆಗಲಿಲ್ಲ

ಇದೇ ನೀರು ಬ್ರೇಕ್ ಕೂಡ ಆಯಿತು. ವಿದಳನ ಜೋರಾದಂತೆ ಕಲ್ಲು ಬಿಸಿಯಾಗುತ್ತದೆ, ನೀರು ಆವಿಯಾಗಿ ಹೊರಟುಹೋಗುತ್ತದೆ. ನೀರಿಲ್ಲದಿದ್ದರೆ ನ್ಯೂಟ್ರಾನ್ ನಿಧಾನವಾಗುವುದಿಲ್ಲ, ಸರಪಳಿ ಕಡಿಯುತ್ತದೆ. ತಣ್ಣಗಾದ ಮೇಲೆ ನೀರು ಮತ್ತೆ ಇಂಗಿ ಬರುತ್ತದೆ, ಮತ್ತೆ ಶುರು.

ಇದು ಬರೀ ಊಹೆಯಾಗಿ ಉಳಿಯಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಮೆಶಿಕ್ ಮತ್ತು ಸಂಗಡಿಗರು ಓಕ್ಲೊ ಕಲ್ಲಿನಲ್ಲಿದ್ದ ಅಲ್ಯೂಮಿನಿಯಂ ಫಾಸ್ಫೇಟ್ ಕಣಗಳಿಂದ ಕ್ಸೆನಾನ್ ಅನಿಲ ತೆಗೆದು ಅಳೆದರು. ಕ್ಸೆನಾನ್‌ನ ಬೇರೆ ಬೇರೆ ಐಸೋಟೋಪ್‌ಗಳು ವಿದಳನದ ನಂತರ ಬೇರೆ ಬೇರೆ ಹೊತ್ತಿಗೆ ಹುಟ್ಟುತ್ತವೆ. ಕೆಲವು ಬೇಗ, ಕೆಲವು ಅಯೋಡಿನ್, ಟೆಲ್ಯುರಿಯಂ ರೂಪದಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಕಾದು. ಕಲ್ಲು ಬಿಸಿ ಇದ್ದಾಗ ಹುಟ್ಟಿದ ಕ್ಸೆನಾನ್ ತಪ್ಪಿಸಿಕೊಂಡಿತು, ತಣ್ಣಗಾದಾಗ ಹುಟ್ಟಿದ್ದು ಕಣದೊಳಗೆ ಸಿಕ್ಕಿಬಿತ್ತು. ಯಾವುದು ಎಷ್ಟು ಉಳಿದಿದೆ ಅನ್ನುವುದರಿಂದ ಅವರು 2004ರಲ್ಲಿ ಕೊಟ್ಟ ಉತ್ತರ: ಸುಮಾರು 30 ನಿಮಿಷ ಉರಿ, ಎರಡೂವರೆ ಗಂಟೆ ಬಿಡುವು. 200 ಕೋಟಿ ವರ್ಷ ಹಳೆಯ ಘಟನೆಯಲ್ಲಿ ಅರ್ಧ ಗಂಟೆಯ ಲೆಕ್ಕ! ನ್ಯೂಕ್ಲಿಯಸ್ ಅಲ್ಲದೆ ಬೇರೆ ಯಾವುದೂ ಇಷ್ಟು ನಿಖರವಾಗಿ ಇಷ್ಟು ಕಾಲ ಲೆಕ್ಕ ಕಾಯುವುದನ್ನು ನಾನು ಕಾಣೆ.

ಶಕ್ತಿ ದೊಡ್ಡದಾಗಿರಲಿಲ್ಲ. ಸರಾಸರಿ 100 ಕಿಲೋವ್ಯಾಟ್‌ಗಿಂತ ಹೆಚ್ಚಲ್ಲ. ಆದರೆ ಲಕ್ಷಾಂತರ ವರ್ಷ ನಡೆಯಿತು. ಒಟ್ಟು ಹೊರಬಂದ ಶಾಖ ಸುಮಾರು 15,000 ಮೆಗಾವ್ಯಾಟ್-ವರ್ಷ ಅನ್ನುತ್ತಾರೆ. 3,000 ಮೆಗಾವ್ಯಾಟ್ ಶಾಖ ಕೊಡುವ ಇಂದಿನ ದೊಡ್ಡ ರಿಯಾಕ್ಟರ್ ಅಷ್ಟನ್ನು ಐದು ವರ್ಷದಲ್ಲಿ ಕೊಡುತ್ತದೆ. ಇದಕ್ಕಾಗಿ ಒಡೆದ ಯುರೇನಿಯಂ-235 ಐದು ಟನ್‌ಗಿಂತ ಜಾಸ್ತಿ.

ಈ ನಡುವೆ ಯುರೇನಿಯಂ-238 ನ್ಯೂಟ್ರಾನ್ ನುಂಗಿ ಪ್ಲುಟೋನಿಯಂ-239 ಕೂಡ ಆಗಿತ್ತು. ಅದರ ಅರ್ಧಾಯುಷ್ಯ 24,100 ವರ್ಷ. ಕ್ಷಯಿಸಿದರೆ ಅದು ಯುರೇನಿಯಂ-235 ಆಗುತ್ತದೆ. ಅಂದರೆ ಉರಿದುಹೋದದ್ದರಲ್ಲಿ ಒಂದು ಪಾಲು ಈ ದಾರಿಯಲ್ಲಿ ವಾಪಸು ಬಂತು.

ಚೂರುಗಳು ಎಲ್ಲಿಗೆ ಹೋದವು ಅನ್ನುವುದು ಇಂದಿಗೂ ಕೆಲಸಕ್ಕೆ ಬರುವ ಪ್ರಶ್ನೆ, ಯಾಕೆಂದರೆ ನಮ್ಮ ರಿಯಾಕ್ಟರ್‌ಗಳ ತ್ಯಾಜ್ಯದಲ್ಲೂ ಅವೇ ಇವೆ. ಓಕ್ಲೊದಲ್ಲಿ ಪ್ಲುಟೋನಿಯಂ ಹುಟ್ಟಿದ ಜಾಗ ಬಿಟ್ಟು ಹೆಚ್ಚು ಕದಲಲಿಲ್ಲ. ನಿಯೋಡೈಮಿಯಂನಂಥ ವಿರಳ ಭೂಧಾತುಗಳೂ ಬಹುಪಾಲು ಅಲ್ಲೇ ಉಳಿದವು. ಆದರೆ ಕ್ಸೆನಾನ್, ಕ್ರಿಪ್ಟಾನ್, ಅಯೋಡಿನ್, ಸೀಸಿಯಂ ಬಹುಪಾಲು ಹೊರಟುಹೋದವು. ನೆಲದಲ್ಲಿ ಹೂತರೆ ಎಲ್ಲವೂ ಕ್ಷೇಮ ಅಂತ ಓಕ್ಲೊ ತೋರಿಸಿಕೊಟ್ಟಿದೆ ಅಂತ ಕೆಲವೊಮ್ಮೆ ಹೇಳುತ್ತಾರೆ. ಅದು ಅರ್ಧ ಮಾತು. ಯಾವ ಧಾತು ನಿಲ್ಲುತ್ತದೆ, ಯಾವುದು ಜಾರುತ್ತದೆ ಅಂತ ಅದು ತೋರಿಸಿದೆ, ಅಷ್ಟು ಹೇಳಿದರೆ ಸರಿ.

ಸಮೇರಿಯಂ ಮತ್ತು ಬಲದ ಅಳತೆ

ಈ ಕಲ್ಲಿಗೆ ಯಾರೂ ನಿರೀಕ್ಷಿಸದ ಒಂದು ಪ್ರಶ್ನೆ ಹಾಕಿದವರು ಸೋವಿಯತ್ ಒಕ್ಕೂಟದ ಭೌತವಿಜ್ಞಾನಿ ಅಲೆಕ್ಸಾಂಡರ್ ಶ್ಲ್ಯಾಖ್ಟರ್, 1976ರಲ್ಲಿ. ಪ್ರಕೃತಿಯ ಮೂಲ ಬಲಗಳು 200 ಕೋಟಿ ವರ್ಷಗಳ ಹಿಂದೆಯೂ ಇಷ್ಟೇ ಇದ್ದವೇ?

ಉತ್ತರ ಸಮೇರಿಯಂ-149ರಲ್ಲಿತ್ತು. ಇದು ನಿಧಾನ ನ್ಯೂಟ್ರಾನ್‌ಗಳನ್ನು ಭಾರಿ ಹಸಿವಿನಿಂದ ನುಂಗುತ್ತದೆ. ನ್ಯೂಟ್ರಾನ್ ಶಕ್ತಿ ಸುಮಾರು 0.097 ಎಲೆಕ್ಟ್ರಾನ್ ವೋಲ್ಟ್ ಇದ್ದಾಗ ನ್ಯೂಕ್ಲಿಯಸ್‌ನ ಒಂದು ಶಕ್ತಿ ಮಟ್ಟಕ್ಕೆ ಅದು ಸರಿಯಾಗಿ ಕೂರುತ್ತದೆ, ಅದೇ ಕಾರಣ. ಇದು ಎಷ್ಟು ಸಣ್ಣ ಅಂಕಿ ನೋಡಿ. ನ್ಯೂಕ್ಲಿಯಸ್ ಒಳಗೆ ಎಳೆದು ಹಿಡಿಯುವ ನ್ಯೂಕ್ಲಿಯರ್ ಬಲ ಮತ್ತು ತಳ್ಳುವ ವಿದ್ಯುತ್ ಬಲ ಕೋಟಿಗಟ್ಟಲೆ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಕಾದಾಡುತ್ತಿವೆ. ಅವುಗಳಲ್ಲಿ ಒಂದು ತುಸು ಬದಲಾದರೂ ಈ ಮಟ್ಟ 0.097ರಿಂದ ದೂರ ಸರಿದುಬಿಡುತ್ತದೆ. ಸರಿದಿದ್ದರೆ ಸಮೇರಿಯಂ-149 ಓಕ್ಲೊದಲ್ಲಿ ಅಷ್ಟು ನ್ಯೂಟ್ರಾನ್ ನುಂಗುತ್ತಿರಲಿಲ್ಲ, ಹಾಗೇ ಉಳಿಯುತ್ತಿತ್ತು.

ಸಾಮಾನ್ಯ ಸಮೇರಿಯಂನಲ್ಲಿ 149ರ ಪಾಲು ಶೇ. 13.8. ಓಕ್ಲೊದ ರಿಯಾಕ್ಟರ್ ಕಲ್ಲುಗಳಲ್ಲಿ ಅದು ಶೇ. 1ಕ್ಕಿಂತ ಕೆಳಗೆ ಇಳಿದಿತ್ತು. ಅಂದೂ ಅದು ಇಂದಿನ ಹಾಗೇ ನುಂಗಿತ್ತು. ಭೌತವಿಜ್ಞಾನಿಗಳಾದ ಥಿಬೋ ದಮೂರ್ ಮತ್ತು ಫ್ರೀಮನ್ ಡೈಸನ್ 1996ರಲ್ಲಿ ಇದನ್ನು ಹೊಸದಾಗಿ ಲೆಕ್ಕ ಹಾಕಿದರು. ವಿದ್ಯುತ್ ಬಲದ ತೀವ್ರತೆಯನ್ನು ಅಳೆಯುವ ಸ್ಥಿರಾಂಕ ಅಂದಿನಿಂದ ಇಂದಿನವರೆಗೆ ಬದಲಾಗಿದ್ದರೂ ಅದು ಒಂದು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸನ್ನು ಮೀರಿಲ್ಲ ಅಂತ ಅವರಿಗೆ ಸಿಕ್ಕಿತು.